ಸಹಾಯ ಬೇಕು: ಫುಟ್‌ಬಾಲ್ ಕ್ಲಬ್ ಡಿನ್ನರ್‌ಗೆ ಅಪ್ಪ ಪಂಚೆ ಉಟ್ಟು ಬರಬಹುದಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಇಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನ ಹಳೇ ಆಟಗಾರರ ಜೊತೆ ಡಿನ್ನರ್ ಇದೆ. 1999ರ ತಂಡದ ಕೆಲವರು ಬರುತ್ತಾರೆ. ಮೈಸೂರಿಂದ ಬಂದಿರುವ ಅಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಆ ವರ್ಷ ಬಾರ್ಸಿಲೋನಾದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ಲನ್ನು ಅವರು ಟಿವಿ ಮುಂದೆ ನಿದ್ದೆಗೆಟ್ಟು ನೋಡಿದ್ದರು. ಎದುರಾಳಿ ಜರ್ಮನಿಯ ಬಯರ್ನ್ ಮ್ಯೂನಿಕ್ 1–0 ಮುಂದಿತ್ತು. 90 ನಿಮಿಷ ಮುಗಿದ ಮೇಲೆ ಮೊದಲು ಯುನೈಟೆಡ್‌ನ ಶೆರಿಂಗ್‌ಹ್ಯಾಮ್ ಗೋಲು, ಆಮೇಲೆ ಸೋಲ್‌ಶಾಯರ್ ಗೋಲು! ಆ ಎರಡು ಗೋಲಿನ ಮಾತು ಬಂದರೆ ಅಪ್ಪನ ದನಿ ಈಗಲೂ ಏರುತ್ತದೆ.

ಆಮಂತ್ರಣದಲ್ಲಿ ‘ಬ್ಲ್ಯಾಕ್ ಟೈ’ ಅಂತಿದೆ, ಅಂದರೆ ಕಪ್ಪು ಸೂಟು, ಬೋ ಟೈ ಥರದ ಔಪಚಾರಿಕ ಉಡುಪು. ಅಪ್ಪನಿಗೆ ಸೂಟು ಅಭ್ಯಾಸವಿಲ್ಲ. ರೇಷ್ಮೆ ಪಂಚೆ, ಶಲ್ಯ, ಮೈಸೂರು ಪೇಟ ನಡೆಯುತ್ತದಾ? ಇಲ್ಲ ಕಪ್ಪು ಬಂದ್‌ಗಲಾ ಹೊಲಿಸಲಾ? ಊಟದ ಮಧ್ಯೆ ಆಟಗಾರರನ್ನು ಮಾತಾಡಿಸೋದು ಸರಿಯಲ್ಲ ಅಲ್ವಾ? ಹಾಗಾದರೆ ಆಟೋಗ್ರಾಫ್ ಕೇಳೋದು ಯಾವಾಗ? ಜೆರ್ಸಿ ಬಟ್ಟೆ ಮೇಲೆ ಅಳಿಸದೆ ಉಳಿಯುವ ಪೆನ್ ಯಾವುದು? ಇಂಥ ಡಿನ್ನರ್‌ಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ಹೊಲಿಸೋದಾದರೆ ಈ ವಾರವೇ ಟೈಲರ್‌ಗೆ ಕೊಡಬೇಕು.