ಗಣಿ ಸರ್ವೇ ಓದಲು ಸುರತ್ಕಲ್ ಸೂಕ್ತವೇ?

ಪ್ರಶ್ನೆ (ಉಡುಪಿಯಿಂದ): ದ್ವಿತೀಯ ಪಿಯುಸಿ ಮುಗಿಸಿರುವ ನನ್ನ ತಂಗಿಗೆ ಗಣಿ ಸರ್ವೇಯಲ್ಲಿ (ಗಣಿಯನ್ನು ಅಳೆದು ನಕ್ಷೆ ಮಾಡುವ ಕೆಲಸ) ಆಸಕ್ತಿಯಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೈನಿಂಗ್ ಓದುವುದು ಒಳ್ಳೆಯದೋ, ಸಿವಿಲ್ ಓದಿ ಆ ಕಡೆ ಹೊರಳುವುದೋ? ಹೆಣ್ಣುಮಕ್ಕಳನ್ನು ಗಣಿಯೊಳಗೆ ಬಿಡುವುದಿಲ್ಲವೆಂದು ಮನೆಯವರ ಆಕ್ಷೇಪವೂ ಇದೆ.

ಉತ್ತರ 1: ಮೈನಿಂಗ್ ಓದಿಸಿ. ಅಲ್ಲಿ ಸರ್ವೇ ಒಂದು ವಿಷಯ ಮಾತ್ರವಾದರೂ ಬಂಡೆ, ಗಾಳಿ, ಸ್ಫೋಟಕಗಳ ಪಾಠವೂ ಜೊತೆಗಿರುತ್ತದೆ. ಆದರೆ ಗಣಿಯ ಸರ್ವೇಯರ್ ಹುದ್ದೆಗೆ ಪದವಿಯೊಂದೇ ಸಾಲದು. ಧನಬಾದ್‌ನಲ್ಲಿ ಕೇಂದ್ರ ಕಚೇರಿಯಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಅರ್ಹತಾ ಪ್ರಮಾಣಪತ್ರವೂ ಬೇಕು.

ಉತ್ತರ 2: ಸಿವಿಲ್‌ನವರಿಗೆ ಹೊಸದೆನಿಸುವುದು ನೆಲದಡಿಯ ಕೆಲಸ. ಅಲ್ಲಿ ಜಿಪಿಎಸ್ ಸಂಕೇತ ತಲುಪದ ಕಾರಣ, ನೆಲದ ಮೇಲಿನ ನಿರ್ದೇಶಾಂಕಗಳನ್ನು (ಬಿಂದುವಿನ ಸ್ಥಾನ ಹೇಳುವ ಅಂಕಿಗಳು) ಶಾಫ್ಟ್‌ನಲ್ಲಿ, ಅಂದರೆ ಗಣಿಗಿಳಿಯುವ ಬಾವಿಯಂಥ ಕೊರೆತದಲ್ಲಿ, ಭಾರ ಕಟ್ಟಿದ ತಂತಿಗಳನ್ನು ಇಳಿಬಿಟ್ಟು ಕೆಳಗೆ ಒಯ್ಯುತ್ತಾರೆ, ದಿಕ್ಕನ್ನು ಉತ್ತರ ದಿಕ್ಕನ್ನು ತಾನೇ ಕಂಡುಹಿಡಿಯುವ ಕೋನಮಾಪಕವಾದ ಗೈರೋ ಥಿಯೋಡೊಲೈಟ್‌ನಿಂದ ಪರಿಶೀಲಿಸುತ್ತಾರೆ. ಗುರುತಿನ ಬಿಂದುಗಳನ್ನು ಓಡಾಟಕ್ಕೆ ಸಿಕ್ಕಿ ಕದಲದಂತೆ ಹೆಚ್ಚಾಗಿ ಛಾವಣಿಯಲ್ಲೇ ಕೂರಿಸುವುದರಿಂದ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಉಪಕರಣವನ್ನು ಅದರ ಕೆಳಗೆ ನೇರಕ್ಕೆ ನಿಲ್ಲಿಸಬೇಕಾಗುತ್ತದೆ. ಹಟ್ಟಿಯ ಚಿನ್ನದ ಗಣಿಯನ್ನು ಒಮ್ಮೆ ನೋಡಲು ಅವಕಾಶ ಸಿಕ್ಕರೆ ಬಿಡಬೇಡಿ.

ಉತ್ತರ 3: ಮನೆಯವರ ಮಾತು ಹಳೆಯ ನಿಯಮದ್ದು. 2019ರಲ್ಲೇ ತಾಂತ್ರಿಕ, ಮೇಲ್ವಿಚಾರಣೆಯ ಹಾಗೂ ವ್ಯವಸ್ಥಾಪಕ ಹುದ್ದೆಗಳಲ್ಲಿ ಮಹಿಳೆಯರಿಗೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ, ಲಿಖಿತ ಒಪ್ಪಿಗೆಯೊಂದಿಗೆ, ಭೂಗತ ಗಣಿಗಳಲ್ಲಿ ದುಡಿಯಲು ಅವಕಾಶ ಸಿಕ್ಕಿತು.