ಇಂಜಿನ್ ವ್ಯಾಕ್ಯೂಮ್ ಕಡಿಮೆ ಇರುವ ಹಳೇ ಕಾರಿಗೆ ಪವರ್ ಬ್ರೇಕ್: ಮಾಡಿ ನೋಡಿದವರು ಹೇಳಿ

ಟೆಕ್ಸಾಸ್‌ನಿಂದ ಪ್ರಶ್ನೆ:

ನಮಸ್ಕಾರ. ನನ್ನ ಹತ್ತಿರ 1970ರ ಶೆವೆಲ್ ಇದೆ, 350 ವಿ8, ಆಟೋಮ್ಯಾಟಿಕ್. ಹೋದ ವರ್ಷ ದೊಡ್ಡ ಕ್ಯಾಮ್‌ಶಾಫ್ಟ್ (ಇಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿದೆ. ಸದ್ದು ಕೇಳೋಕೆ ಖುಷಿ, ಆದರೆ ಬ್ರೇಕ್ ತುಳಿದರೆ ಕಲ್ಲು ತುಳಿದ ಹಾಗಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೊದಲನೇ ಸಲ ಪರವಾಗಿಲ್ಲ, ತಕ್ಷಣ ಎರಡನೇ ಸಲ ತುಳಿದರೆ ಗಟ್ಟಿ. ಪವರ್ ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವಾಗ ಆಗುವ ಕಡಿಮೆ ಒತ್ತಡ) ಸಾಲುತ್ತಿಲ್ಲವಂತೆ. ಒಬ್ಬರು ವ್ಯಾಕ್ಯೂಮ್ ಟ್ಯಾಂಕ್ ಹಾಕಿ ಅಂತಾರೆ, ಇನ್ನೊಬ್ಬರು ಪಂಪ್ ಅಂತಾರೆ. ಯಾವುದು ಸರಿ?

ಮಿಶಿಗನ್‌ನಿಂದ:

ಸರ್, ನನ್ನದು 1968ರ ಕಮಾರೋ. ಇದೇ ತೊಂದರೆಯನ್ನು ಎರಡು ವರ್ಷ ಅನುಭವಿಸಿದ್ದೇನೆ. ಮೊದಲು ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ. ಅಲ್ಲಿಯವರೆಗೆ ಒಂದು ಡಾಲರ್ ಕೂಡ ಬಿಚ್ಚಬೇಡಿ. ಇಂಜಿನ್‌ಗೆ ಗಾಳಿ ಕೊಡುವ ಮ್ಯಾನಿಫೋಲ್ಡ್‌ನಿಂದ, ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್‌ಗೆ ಹೋಗುವ ಹೋಸ್‌ನಲ್ಲಿ, ಗಾಳಿಯನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್‌ಗಿಂತ ಇಂಜಿನ್ ಕಡೆ, ಒಂದು ಟೀ ಹಾಕಿ ಗೇಜ್ ಕೂರಿಸಿ. ಚಕ್ರಕ್ಕೆ ಅಡ್ಡ ಕೊಟ್ಟು, ಡ್ರೈವ್‌ನಲ್ಲಿಟ್ಟು ಓದಿ. ಸಿಗ್ನಲ್‌ನಲ್ಲಿ ನಿಂತಾಗ ನಿಮಗೆ ಸಿಗುವುದು ಆ ಅಂಕಿ, ಪಾರ್ಕ್‌ನಲ್ಲಿ ಬರುವುದಲ್ಲ. ಮಾಮೂಲಿ ಇಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ತುಳಿಯದೆ ಓಡುವಾಗ) 17ರಿಂದ 20 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ನನ್ನದು ಪಾರ್ಕ್‌ನಲ್ಲಿ 11, ಡ್ರೈವ್‌ಗೆ ಹಾಕಿದ ಕೂಡಲೇ 9. ಮುಳ್ಳು ಒಂದು ಕಡೆ ನಿಲ್ಲದೆ ನಡುಗುತ್ತಿತ್ತು.

ದೊಡ್ಡ ಕ್ಯಾಮ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಜಾಸ್ತಿ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಅದಕ್ಕೇ ಐಡಲ್‌ನಲ್ಲಿ ಎಳೆತ ಕಡಿಮೆ. ಬೂಸ್ಟರ್ ಕೆಲಸ ಮಾಡುವುದು ಡಯಾಫ್ರಮ್‌ನ ಒಂದು ಕಡೆಯ ವ್ಯಾಕ್ಯೂಮ್, ಇನ್ನೊಂದು ಕಡೆಯ ಹೊರಗಾಳಿ, ಇವೆರಡರ ವ್ಯತ್ಯಾಸದಿಂದ. 18 ಇಂಚು ಅಂದರೆ ಚದರ ಇಂಚಿಗೆ ಸುಮಾರು 9 ಪೌಂಡ್ ಒತ್ತಡ. 9 ಇಂಚಿಗೆ ಇಳಿದರೆ ಸಹಾಯವೂ ಅರ್ಧ. ಡ್ರಮ್ ಬ್ರೇಕ್ ತಿರುಗುವ ಚಕ್ರದ ಬಲದಿಂದಲೇ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಡಿಸ್ಕ್‌ಗೆ ಆ ಗುಣ ಇಲ್ಲ, ಹಾಗಾಗಿ ಕಾಲಿಗೆ ಬೇಗ ಗೊತ್ತಾಗುತ್ತದೆ.

ನಾನು ಮೊದಲು ಟ್ಯಾಂಕ್ ಹಾಕಿದೆ. ಟ್ಯಾಂಕ್ ವ್ಯಾಕ್ಯೂಮ್ ಹುಟ್ಟಿಸುವುದಿಲ್ಲ, ಬಂದದ್ದನ್ನು ಹಿಡಿದಿಡುತ್ತದೆ ಅಷ್ಟೇ. ಹೈವೇಯಲ್ಲಿ ಆಕ್ಸಿಲರೇಟರ್ ಬಿಟ್ಟಾಗ ವ್ಯಾಕ್ಯೂಮ್ ಚೆನ್ನಾಗಿ ಏರುತ್ತದೆ, ಅದು ಟ್ಯಾಂಕ್‌ನಲ್ಲಿ ಉಳಿಯುತ್ತದೆ, ಮೊದಲ ಒಂದೆರಡು ಬ್ರೇಕ್ ಸಲೀಸು. ಆದರೆ ಪಾರ್ಕಿಂಗ್ ಜಾಗದಲ್ಲಿ ಹಿಂದೆ ಮುಂದೆ ಮಾಡುವಾಗ ಮೂರನೇ ಸಲಕ್ಕೆ ಮತ್ತೆ ಅದೇ ಕಲ್ಲು. ನಿಮ್ಮ ಕಾರಿನಲ್ಲಿ ಆಗುತ್ತಿರುವುದೂ ಇದೇ ಅಲ್ವಾ? ಬೂಸ್ಟರ್‌ನಲ್ಲಿ ಇದ್ದದ್ದು ಖಾಲಿಯಾಗುತ್ತಿದೆ, ಮತ್ತೆ ತುಂಬಿಕೊಳ್ಳುತ್ತಿಲ್ಲ. ಟ್ಯಾಂಕ್‌ಗೆ ದುಡ್ಡು ಹಾಕಬೇಡಿ.

ಆಮೇಲೆ ಎಲೆಕ್ಟ್ರಿಕ್ ಪಂಪ್. ಫಿಟ್ ಮಾಡಿದ ಗ್ಯಾರೇಜಿನವರು ಮ್ಯಾನಿಫೋಲ್ಡ್ ಕಡೆಗೆ ಚೆಕ್ ವಾಲ್ವ್ ಹಾಕಿರಲಿಲ್ಲ. ಪಂಪ್ ಇಂಜಿನ್‌ನಿಂದಲೇ ಗಾಳಿ ಎಳೆಯುತ್ತಾ ನಿಲ್ಲದೆ ಓಡಿ, ಎರಡೇ ತಿಂಗಳಿಗೆ ಸುಟ್ಟುಹೋಯಿತು. ಎರಡನೆಯದನ್ನು ನಾನೇ ಕೂರಿಸಿದೆ: ಬ್ಯಾಟರಿಯಿಂದ ನೇರ ದಪ್ಪ ವೈರ್, ಫ್ಯೂಸ್, ರಿಲೇ, ವ್ಯಾಕ್ಯೂಮ್ ಸ್ವಿಚ್. ಪಂಪ್ ಕೆಳಗೆ ರಬ್ಬರ್ ಬುಷ್ ಕೊಟ್ಟೆ, ಇಲ್ಲದಿದ್ದರೆ ಆ ಗುರ್ ಸದ್ದು ಇಡೀ ಬಾಡಿಗೆ ಹತ್ತುತ್ತದೆ. ಈಗ ಬೂಸ್ಟರ್‌ನಲ್ಲಿ 18ರ ಮೇಲೇ ಇರುತ್ತದೆ. ಡ್ಯಾಶ್‌ನಲ್ಲಿ ಒಂದು ಗೇಜ್ ಇಡಿ ಸರ್. ಪಂಪ್ ಕೈಕೊಟ್ಟರೆ ಕಾಲಿಗಿಂತ ಮೊದಲು ಕಣ್ಣಿಗೆ ಗೊತ್ತಾಗಬೇಕು.

ಕ್ಯಾಲಿಫೋರ್ನಿಯಾದಿಂದ:

ನಾನು ಹೈಡ್ರೋಬೂಸ್ಟ್‌ಗೆ ಹೋದೆ. ಇದು ಪವರ್ ಸ್ಟೀರಿಂಗ್ ಪಂಪ್‌ನ ಒತ್ತಡದಿಂದ ನಡೆಯುತ್ತದೆ, ವ್ಯಾಕ್ಯೂಮ್‌ನ ಗೊಡವೆಯೇ ಇಲ್ಲ. 1996ರಿಂದ 2004ರವರೆಗಿನ ಮಸ್ಟಾಂಗ್ ಜಿಟಿಯಲ್ಲಿ ಕಂಪನಿಯಿಂದಲೇ ಬರುತ್ತಿತ್ತು. ಇಂಜಿನ್ ಆಫ್ ಆದರೂ ಒಂದೆರಡು ಸಲ ಹಿಡಿಯುವಷ್ಟು ಒತ್ತಡ ಅಕ್ಯುಮುಲೇಟರ್‌ನಲ್ಲಿ ಉಳಿದಿರುತ್ತದೆ. ಖರ್ಚು ಜಾಸ್ತಿ. ಬೂಸ್ಟರ್‌ನ ರಿಟರ್ನ್ ಪೈಪನ್ನು ಬೇರೆಯಾಗಿಯೇ ರಿಸರ್ವಾಯರ್‌ಗೆ ಕೊಡಿ. ಹಳೇ ಸ್ಟೀರಿಂಗ್ ಪಂಪ್ ಸುಸ್ತಾಗಿದ್ದರೆ ಮೊದಲು ಅದನ್ನು ಬದಲಾಯಿಸಿ.

ಅದಕ್ಕೂ ಮುಂಚೆ ಬೂಸ್ಟರ್ ತೆಗೆದು ಮ್ಯಾನುಯಲ್ ಬ್ರೇಕ್‌ನಲ್ಲೇ ಓಡಿಸಿದ್ದೆ. ಅದೂ ಸರಿಯಾದ ದಾರಿಯೇ. ಪುಷ್‌ರಾಡನ್ನು ಪೆಡಲ್‌ನ ಮೇಲಿನ ತೂತಿಗೆ ಹಾಕಬೇಕು. ಬ್ರೇಕ್ ಆಯಿಲನ್ನು ಒತ್ತುವ 1.125 ಇಂಚಿನ ಮಾಸ್ಟರ್ ಸಿಲಿಂಡರ್ ಬದಲು 1 ಇಂಚಿನದು ಹಾಕಿದರೆ ಅದೇ ಕಾಲಿನ ಬಲಕ್ಕೆ ಕಾಲು ಭಾಗ ಜಾಸ್ತಿ ಒತ್ತಡ ಸಿಗುತ್ತದೆ. ಪೆಡಲ್ ಮಾತ್ರ ಇನ್ನಷ್ಟು ಕೆಳಗೆ ಹೋಗುತ್ತದೆ. ನಮ್ಮ ಮನೆಯವರಿಗೆ ಆ ಗಟ್ಟಿ ಪೆಡಲ್ ಆಗಲಿಲ್ಲ, ಅದಕ್ಕೇ ಬದಲಾಯಿಸಿದೆ.

ಮೈಸೂರಿನಿಂದ:

ನಮ್ಮದು ಪೆಟ್ರೋಲ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿದ ಹಳೇ ಜೀಪ್. ಆ ಡೀಸೆಲ್‌ಗೆ ಒಳಬರುವ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲ, ಹಾಗಾಗಿ ಬೂಸ್ಟರ್‌ಗೆ ಸಾಕಾಗುವ ವ್ಯಾಕ್ಯೂಮೇ ಇಲ್ಲ. ಅದಕ್ಕೆ ಆಲ್ಟರ್ನೇಟರ್ ಹಿಂದೆಯೇ ವ್ಯಾಕ್ಯೂಮ್ ಪಂಪ್ ಕೂತಿದೆ, ಅದೇ ಬೆಲ್ಟ್‌ನಿಂದ ತಿರುಗುತ್ತದೆ, ಜಿಡ್ಡಿಗೆ ಇಂಜಿನ್ ಆಯಿಲ್. ಬೆಲ್ಟ್ ಹೋದರೆ ಚಾರ್ಜಿಂಗ್ ಜೊತೆ ಬ್ರೇಕ್ ಸಹಾಯವೂ ಹೋಗುತ್ತದೆ ಅನ್ನುವುದು ನೆನಪಿರಲಿ. ಇನ್ನೊಂದು ಮಾತು. ಗೇಜ್ ಓದುವಾಗ ಊರಿನ ಎತ್ತರವನ್ನೂ ಲೆಕ್ಕಕ್ಕೆ ತಗೊಳ್ಳಿ. ಸಾವಿರ ಅಡಿಗೆ ಸುಮಾರು 1 ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸುವ ಇಂಜಿನ್ ಬೆಂಗಳೂರಿನಲ್ಲಿ 16 ತೋರಿಸಿದರೆ ಗಾಬರಿಯಾಗಬೇಡಿ.

ಟೆಕ್ಸಾಸ್‌ನಿಂದ:

ಎಲ್ಲರಿಗೂ ಧನ್ಯವಾದ. ಇವತ್ತು ಗೇಜ್ ಹಾಕಿದೆ. ಡ್ರೈವ್‌ನಲ್ಲಿ 9. ಬೂಸ್ಟರ್ ಹತ್ತಿರ ಹೋಸನ್ನು ಇಕ್ಕಳದಿಂದ ಮೆಲ್ಲಗೆ ಹಿಸುಕಿದೆ, 11ಕ್ಕೆ ಏರಿತು. ಅಂದರೆ ಬೂಸ್ಟರ್ ಒಳಗೂ ಲೀಕ್ ಇದೆ. ಮೊದಲು ಬೂಸ್ಟರ್ ಬದಲಾಯಿಸುತ್ತೇನೆ, ಆಮೇಲೆ ಪಂಪ್. ಅಲ್ಲಿಯವರೆಗೆ ಕಾರು ಶೆಡ್‌ನಲ್ಲೇ ಇರುತ್ತದೆ.