ಮೋಸೆಲ್ ಕಣಿವೆಯಲ್ಲಿ ಗ್ರಾವೆಲ್ ಸೈಕಲ್: ದಡದಲ್ಲೇ ಹೋಗೋದಾ, ಮೇಲೆ ಹತ್ತೋದಾ?

ನಂದಿತಿರುವು:

ಎಲ್ಲರಿಗೂ ನಮಸ್ಕಾರ. ಫ್ರಾಂಕ್‌ಫರ್ಟ್‌ಗೆ ಬಂದು ಎಂಟು ತಿಂಗಳಾಯಿತು. ಬೆಂಗಳೂರಲ್ಲಿದ್ದಾಗ ಭಾನುವಾರ ನಾಲ್ಕೂವರೆಗೆ ಎದ್ದು ನಂದಿ ಬೆಟ್ಟ ಹತ್ತಿ, ಇಳಿದು ಇಡ್ಲಿ ತಿಂದು ಮನೆಗೆ ಬರುತ್ತಿದ್ದೆ. ಇಲ್ಲಿ ಮಾರ್ಚ್‌ನಲ್ಲಿ ಒಂದು ಹಳೇ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರಿಗೂ ಆಗೋ ಸೈಕಲ್) ಕೊಂಡೆ. ಟೈರು 38 ಮಿಮೀ. ಗೇರು ಚಕ್ರ ಮುಂದೆ 40 ಹಲ್ಲು, ಹಿಂದೆ ದೊಡ್ಡದು 42.

ಸೆಪ್ಟೆಂಬರ್ ಕೊನೆಗೆ ಮೋಸೆಲ್ ನದಿ ಕಡೆ ಒಂದು ದಿನ ತುಳಿಯಬೇಕು ಅಂತಿದ್ದೇನೆ. ಆದರೆ ಆಫೀಸಿನಲ್ಲಿ ಒಬ್ಬರು ನಕ್ಕುಬಿಟ್ಟರು. ನದಿ ದಡದ ದಾರಿ ಪೂರ್ತಿ ಡಾಂಬರಂತೆ, ಅಜ್ಜಂದಿರು ಬುಟ್ಟಿ ಸೈಕಲ್‌ನಲ್ಲಿ ಹೋಗ್ತಾರಂತೆ, ಅದಕ್ಕೆ ಗ್ರಾವೆಲ್ ಸೈಕಲ್ ಯಾಕೆ ಅಂತ. ನಿಜವಾ? ದ್ರಾಕ್ಷಿ ತೋಟದ ಒಳಗೆ ಸೈಕಲ್ ಬಿಡ್ತಾರಾ? ಇನ್ನೊಂದು, ನಾನು ಮೊಟ್ಟೆಯನ್ನೂ ತಿನ್ನಲ್ಲ. ದಾರಿಯಲ್ಲಿ ಏನು ಗತಿ?

ಕೋಬ್ಲೆಂಜ್ ಅಕ್ಕ:

ನಿಮ್ಮ ಆಫೀಸಿನವರು ಹೇಳಿದ್ದು ಸುಳ್ಳಲ್ಲ. ಅವರು ಕಣಿವೆಯ ತಳ ಮಾತ್ರ ನೋಡಿದ್ದಾರೆ, ಅಷ್ಟೇ.

ನಾನು ಹಾಸನದವಳು. ಕೋಬ್ಲೆಂಜ್‌ನಲ್ಲಿ ಒಂಬತ್ತು ವರ್ಷ ಆಯಿತು. ಮೊದಲ ಎರಡು ವರ್ಷ ನಾನೂ ದಡದಲ್ಲೇ ತುಳಿದೆ. ಮೋಸೆಲ್ ಹಾವಿನ ಹಾಗೆ ಹರಿಯುತ್ತದೆ. ಟ್ರಿಯರ್‌ನಿಂದ ಕೋಬ್ಲೆಂಜ್‌ಗೆ ನೇರ ಗೆರೆ ಎಳೆದರೆ ಸುಮಾರು 100 ಕಿಮೀ, ನೀರಿನ ಜೊತೆ ಬಂದರೆ 190ರ ಮೇಲೆ. ಒಂದೊಂದು ತಿರುವಿಗೂ ಒಂದು ಚರ್ಚು, ಒಂದು ಊರು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನಾಲ್ಕನೇ ಸಲಕ್ಕೆ ಬೇಜಾರು ಬಂತು. ಇಡೀ ದಿನ ಬೆಟ್ಟದ ಬುಡದಲ್ಲಿ ನಿಂತು ಮೇಲೆ ನೋಡೋದೇ ಆಯಿತು, ಹತ್ತೋದು ಯಾವಾಗ?

ಆಮೇಲೆ ಲೆಕ್ಕ ತಿರುಗಿಸಿದೆ. ಬೆಳಿಗ್ಗೆ ಮೇಲೆ, ಸಂಜೆ ದಡ. ನದಿ ಇರೋದು ಸುಮಾರು 100 ಮೀಟರ್ ಎತ್ತರದಲ್ಲಿ. ದಕ್ಷಿಣಕ್ಕೆ ಹುನ್ಸ್‌ರ್ಯುಕ್ ಬೆಟ್ಟಸೀಮೆ, ಉತ್ತರಕ್ಕೆ ಐಫೆಲ್ ಬೆಟ್ಟಸೀಮೆ, ಎರಡೂ ಕಡೆ ಮೇಲಿನ ಬಯಲು 400 ಮೀಟರ್ ಹತ್ತಿರ. ನಂದಿಯಷ್ಟು ಉದ್ದದ ಏರಲ್ಲ. ಆದರೆ ತೋಟದ ದಾರಿಗಳು ತಿರುವು ಹಾಕುವ ಮರ್ಯಾದೆಯನ್ನೇ ಕಲಿತಿಲ್ಲ, ನೇರ ಮೇಲಕ್ಕೆ. ನಿಮ್ಮ 40–42 ಗೇರಿನಲ್ಲಿ ಕೆಲವು ಕಡೆ ಇಳಿದು ತಳ್ಳುತ್ತೀರಿ. ನಾನೂ ತಳ್ಳುತ್ತೇನೆ, ನಾಚಿಕೆ ಬೇಡ.

ನನ್ನ ಇಷ್ಟದ ಸುತ್ತು ಬುಲ್ಲಾಯ್ ಸ್ಟೇಷನ್‌ನಿಂದ ಶುರು. ಇಳಿದ ತಕ್ಷಣ ಹಳೇ ಕಬ್ಬಿಣದ ಸೇತುವೆ ಸಿಗುತ್ತದೆ. ಮೇಲೆ ರೈಲು, ಕೆಳಗೆ ನಾವು. ಮೊದಲು ಕಟ್ಟಿದ್ದು 1878ರಲ್ಲಿ. ದಾಟಿ ಬೆಟ್ಟದ ಮೇಲಿನ ಹಳೇ ಮಠ ಮರಿಯೆನ್‌ಬುರ್ಗ್ ಕಡೆ ಹತ್ತಿ. ಅಲ್ಲಿ ಬೆಟ್ಟದ ಕುತ್ತಿಗೆ ಎಷ್ಟು ಸಣ್ಣದು ಅಂದರೆ, ಎಡಕ್ಕೆ ನೋಡಿದರೂ ಮೋಸೆಲ್, ಬಲಕ್ಕೆ ನೋಡಿದರೂ ಅದೇ ಮೋಸೆಲ್. ನದಿ ಹತ್ತು ಕಿಮೀಗೂ ಜಾಸ್ತಿ ಸುತ್ತು ಹಾಕಿ ಪಕ್ಕಕ್ಕೇ ಬಂದು ನಿಂತಿರುತ್ತದೆ. ಮೊದಲ ಸಲ ನನಗೆ ದಿಕ್ಕೇ ತಪ್ಪಿತು.

ಅಲ್ಲಿಂದ ತೋಟದ ಅಗಲ ದಾರಿ ಹಿಡಿದು ಇಳಿಯಿರಿ. ಬೆಟ್ಟಕ್ಕೆ ಅಂಟಿಕೊಂಡ ರೈಲು ಕಮಾನುಗಳು ಕಾಣುತ್ತವೆ, 92 ಇವೆ. ಎದುರು ದಡದಲ್ಲಿ ಪ್ಯೂಂಡರಿಖ್. ದೋಣಿಯಲ್ಲಿ ದಾಟಬಹುದು, ಕಾರನ್ನೂ ಹಾಕಿಕೊಂಡು ಹೋಗುವ ದೋಣಿ. ಚಿಲ್ಲರೆ ಇಟ್ಟುಕೊಳ್ಳಿ. ನಂತರ ಬ್ರೀಡೆಲ್ ಮೇಲಿನ ಕಾಡಿಗೆ ಏರು. ನಿಮ್ಮ ಗ್ರಾವೆಲ್ ಟೈರಿಗೆ ಕೆಲಸ ಸಿಗೋದು ಇಲ್ಲಿ. ಮರ ಸಾಗಿಸುವ ಲಾರಿಗಳಿಗೆ ಮಾಡಿದ ಜಲ್ಲಿ ದಾರಿ, ಎರಡು ಗಂಟೆ ಒಂದು ಕಾರೂ ಇಲ್ಲ. ಕೊನೆಗೆ ಝೆಲ್ ಊರಿಗೆ ಇಳಿದು, ಅಜ್ಜಂದಿರ ಜೊತೆ ಡಾಂಬರಿನಲ್ಲಿ ಬುಲ್ಲಾಯ್‌ಗೆ ವಾಪಸ್. ನನ್ನ ಮೀಟರಿನಲ್ಲಿ 34 ಕಿಮೀ, ಏರಿದ್ದು 500 ಮೀಟರ್ ಚಿಲ್ಲರೆ. ಕೇಳಲು ಕಡಿಮೆ, ಕಾಲಿಗೆ ಜಾಸ್ತಿ.

ಈಗ ಕಲ್ಲಿನ ವಿಷಯ. ಈ ಬೆಟ್ಟಗಳೆಲ್ಲ ಸ್ಲೇಟು ಕಲ್ಲು. ಶಾಲೆಯಲ್ಲಿ ನಾವು ಬಳಪದಿಂದ ಬರೆಯುತ್ತಿದ್ದ ಸ್ಲೇಟು ಇತ್ತಲ್ಲ, ಅದೇ ಜಾತಿ. ಹಗಲು ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಕಾವು ಕೊಡುತ್ತದೆ, ಅದಕ್ಕೇ ಇಷ್ಟು ಚಳಿ ದೇಶದಲ್ಲೂ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುತ್ತದೆ. ದ್ರಾಕ್ಷಿಗೆ ಒಳ್ಳೇದು, ಟೈರಿಗೆ ಶತ್ರು. ಅಂಚು ಬ್ಲೇಡಿನ ಹಾಗೆ. ಒಂದು ಅಕ್ಟೋಬರಿನಲ್ಲಿ ಬ್ರೀಡೆಲ್ ಇಳಿಜಾರಿನಲ್ಲಿ ನನ್ನ ಹಿಂದಿನ ಟೈರಿನ ಪಕ್ಕ ಹೆಬ್ಬೆರಳಗಲ ಸೀಳಿತು. ಒಳಗಿನ ಟ್ಯೂಬು ಹೊರಗೆ ಇಣುಕುತ್ತಿತ್ತು. ಮಳೆ ಬೇರೆ. ಆಗ ಕಾಪಾಡಿದ್ದು ಖಾಲಿ ಟೂತ್‌ಪೇಸ್ಟ್ ಟ್ಯೂಬು. ಅಪ್ಪ ಅಂಗಡಿ ಸೈಕಲ್‌ಗೆ ಹೀಗೇ ಮಾಡುತ್ತಿದ್ದರು: ಪೇಸ್ಟಿನ ಟ್ಯೂಬು ಸೀಳಿ, ತೊಳೆದು, ಟೈರಿನ ಒಳಗೆ ಸೀಳಿದ ಜಾಗಕ್ಕೆ ಕೊಟ್ಟು, ಮೇಲೆ ಹೊಸ ಟ್ಯೂಬು ಹಾಕಿ ಗಾಳಿ ಹೊಡೆಯೋದು. ಗಾಳಿ ಸ್ವಲ್ಪ ಕಡಿಮೆ ಇಟ್ಟು ಸ್ಟೇಷನ್‌ವರೆಗೆ ಬಂದೆ. ಅಂದಿನಿಂದ ಸೀಟಿನ ಕೆಳಗಿನ ಚೀಲದಲ್ಲಿ ಒಂದು ತುಂಡು ಯಾವಾಗಲೂ ಇದೆ. ನೀವೂ ಇಟ್ಟುಕೊಳ್ಳಿ. ಆಗುವುದಾದರೆ ಟೈರನ್ನು 42 ಅಥವಾ 45 ಮಿಮೀಗೆ ಏರಿಸಿ, ಫ್ರೇಮಿನಲ್ಲಿ ಜಾಗ ಇದೆಯಾ ನೋಡಿಕೊಂಡು.

ಊಟ ಬರೆಯಲು ಮರೆತೆ. ಸೆಪ್ಟೆಂಬರ್ ಕೊನೆಗೆ ಎಲ್ಲ ಕಡೆ ಈರುಳ್ಳಿ ಕೇಕು ಅಂತ ಬೋರ್ಡು. ಈರುಳ್ಳಿ ತಾನೇ ಅಂತ ನಂಬಬೇಡಿ! ಸಾಮಾನ್ಯವಾಗಿ ಹಂದಿ ಮಾಂಸದ ಚೂರು ಇರುತ್ತದೆ, ಹಿಟ್ಟಿನ ಮೇಲಿನ ಕೆನೆಯಲ್ಲಿ ಮೊಟ್ಟೆಯೂ ಇರುತ್ತದೆ. ಬ್ರೆಡ್ಡು, ಚೀಸು ಸಿಗುತ್ತದೆ. ನಾನು ಚಟ್ನಿಪುಡಿ ಡಬ್ಬಿ ಒಯ್ಯುತ್ತೇನೆ.

ದೊಡ್ಡಬಳ್ಳಾಪುರ ರೈತ:

ನಾನು ಜರ್ಮನಿ ನೋಡಿಲ್ಲ. ಆದರೆ ದ್ರಾಕ್ಷಿ ಬೆಳೀತೀವಿ, ಸೈಕಲ್ಲೂ ತುಳೀತೀನಿ, ಅದಕ್ಕೆ ಒಂದು ಮಾತು. ನಮ್ಮ ತೋಟಕ್ಕೂ ಭಾನುವಾರ ಸೈಕಲ್‌ನವರು ನುಗ್ಗಿ ಫೋಟೋ ತೆಗೀತಾರೆ. ಮೈಲುತುತ್ತ, ಸುಣ್ಣ ಹೊಡೆದು ಒಂದು ಗಂಟೆ ಆಗಿರಲ್ಲ, ಗೊಂಚಲು ಮುಟ್ಟಿ ಬಾಯಿಗೆ ಹಾಕ್ಕೋತಾರೆ. ಅಲ್ಲೂ ಔಷಧಿ ಹೊಡೆಯಲ್ವಾ? ದಯವಿಟ್ಟು ಕಿತ್ತು ತಿನ್ನಬೇಡಿ.

ಅಕ್ಕಾ, ಅಷ್ಟು ಕಡಿದಾದ ಜಾಗದಲ್ಲಿ ಚಪ್ಪರ ಹೇಗೆ ನಿಲ್ಲಿಸ್ತಾರೆ? ನಮ್ಮಲ್ಲಿ ಕಲ್ಲು ಕಂಬ ನಿಲ್ಲಿಸಿ ತಂತಿ ಎಳೆಯೋಕೆ ಸಮ ನೆಲದಲ್ಲೇ ಸಾಕುಬೇಕಾಗುತ್ತೆ.

ಕೋಬ್ಲೆಂಜ್ ಅಕ್ಕ:

ಅಣ್ಣಾ, ಚಪ್ಪರವೇ ಇಲ್ಲ! ಕಡಿದಾದ ಹಳೇ ತೋಟಗಳಲ್ಲಿ ಒಂದು ಬಳ್ಳಿಗೆ ಒಂದು ಗೂಟ. ಎರಡು ಕಡ್ಡಿ ಬಗ್ಗಿಸಿ ಅದೇ ಗೂಟಕ್ಕೆ ಕಟ್ಟುತ್ತಾರೆ. ನೋಡಲು ವೀಳ್ಯದೆಲೆ ಆಕಾರ. ಗೂಟದ ಸುತ್ತ ನಾಲ್ಕೂ ಕಡೆ ಓಡಾಡಬಹುದು. ಬ್ರೆಮ್ ಊರಿನ ಕಾಲ್ಮೊಂಟ್ ಅನ್ನೋ ತೋಟ 65 ಡಿಗ್ರಿವರೆಗೂ ಇದೆ, ಅಲ್ಲಿ ಟ್ರ್ಯಾಕ್ಟರ್ ನಿಲ್ಲೋದೇ ಇಲ್ಲ. ಹಲ್ಲಿರುವ ಒಂಟಿ ಕಂಬಿಯ ಮೇಲೆ ಪುಟ್ಟ ಬಂಡಿ ಓಡುತ್ತದೆ, ಆಳು ಕೂತು, ಬುಟ್ಟಿ ಇಟ್ಟು ಮೇಲೆ ಹೋಗುತ್ತಾರೆ. ಉಳಿದದ್ದೆಲ್ಲ ಕೈಕೆಲಸ. ಔಷಧಿಯನ್ನು ಕೆಲವು ಕಡೆ ಹೆಲಿಕಾಪ್ಟರಿನಿಂದ ಹೊಡೆಯುತ್ತಾರೆ. ಒಮ್ಮೆ ನನ್ನ ತಲೆ ಮೇಲೇ ಬಂತು, ಹೆದರಿ ಸೈಕಲ್ ತಿರುಗಿಸಿದೆ. ನಿಮ್ಮ ಮಾತು ಸರಿ, ಹಣ್ಣು ಮುಟ್ಟಬಾರದು.

ನಂದಿತಿರುವು ಅವರೇ, ಇದು ನಿಮಗೂ. ತೋಟದ ನಡುವಿನ ಕಾಂಕ್ರೀಟು ದಾರಿಗಳು ರೈತರ ಕೆಲಸಕ್ಕೆ ಮಾಡಿದ್ದು. ಸೈಕಲ್ ಬಿಡುತ್ತಾರೆ, ಆದರೆ ಕೊಯ್ಲಿನ ಸಮಯ ಟ್ರ್ಯಾಕ್ಟರ್ ಬಂದರೆ ಇಳಿದು ಪಕ್ಕಕ್ಕೆ ನಿಲ್ಲಿ. ಹಗ್ಗ ಕಟ್ಟಿ ಮುಚ್ಚಿದ್ದರೆ ವಾಪಸ್ ಬನ್ನಿ. ಸಾಲುಗಳ ಮಧ್ಯೆ, ಮೆಟ್ಟಿಲ ಮೇಲೆ, ಸಣ್ಣ ಕಾಲುದಾರಿಯಲ್ಲಿ ಸೈಕಲ್ ಬೇಡವೇ ಬೇಡ. ಕಾಲ್ಮೊಂಟ್‌ನಲ್ಲಿ ಕಬ್ಬಿಣದ ಏಣಿ ಹಿಡಿದು ಹತ್ತುವ ದಾರಿ ಇದೆ. ಮ್ಯಾಪು ನೋಡಿ ಅಲ್ಲಿಗೆ ಸೈಕಲ್ ತಂದವರನ್ನೂ ನೋಡಿದ್ದೇನೆ, ಪಾಪ.

ನಂದಿತಿರುವು:

ಅಕ್ಕಾ, ತುಂಬಾ ಥ್ಯಾಂಕ್ಸ್. ಅಣ್ಣಾ, ಹಣ್ಣು ಮುಟ್ಟಲ್ಲ, ಮಾತು ಕೊಟ್ಟೆ. ರೈಲಿನಲ್ಲಿ ಸೈಕಲ್‌ಗೆ ಟಿಕೆಟ್ ಬೇಕಾ? ದಾರಿಯಲ್ಲಿ ಒಂದು ಗ್ಲಾಸ್ ವೈನ್ ಕುಡಿದರೆ ಪೊಲೀಸ್ ಕಾಟ ಇದೆಯಾ? ಟೈರು 42ರದ್ದು ಆರ್ಡರ್ ಮಾಡಿದೆ.

ಕೋಬ್ಲೆಂಜ್ ಅಕ್ಕ:

ಈ ರಾಜ್ಯದ ಲೋಕಲ್ ರೈಲುಗಳಲ್ಲಿ ಶನಿವಾರ, ಭಾನುವಾರ ಸೈಕಲ್‌ಗೆ ದುಡ್ಡಿಲ್ಲ. ವಾರದ ದಿನ ಬೆಳಿಗ್ಗೆ 9ರ ನಂತರ. ಆದರೆ ಜಾಗ ಇದ್ದರೆ ಮಾತ್ರ, ಬಿಸಿಲಿನ ಭಾನುವಾರ ಡಬ್ಬಿ ತುಂಬಿರುತ್ತದೆ. ಬೇಗ ಹೊರಡಿ.

ವೈನ್ ವಿಷಯ: ಸೈಕಲ್‌ನವರಿಗೆ ರಕ್ತದಲ್ಲಿ ಮದ್ಯ 1.6 ಪ್ರೊಮಿಲೆ (ಸಾವಿರಕ್ಕೆ 1.6 ಪಾಲು) ದಾಟಿದರೆ ನೇರ ಅಪರಾಧ. ಅಷ್ಟಿಲ್ಲದಿದ್ದರೂ 0.3ರ ಮೇಲಿದ್ದು ಓಲಾಡಿಕೊಂಡು ಹೋದರೆ, ಬಿದ್ದರೆ, ಹಿಡಿಯಬಹುದು. ಪೊಲೀಸಿಗಿಂತ ಆ ಇಳಿಜಾರಿಗೆ ಹೆದರಿ. ನಾನು ಬ್ರೇಕಿನ ಕೆಲಸ ಮುಗಿದ ಮೇಲೆ, ಝೆಲ್‌ನಲ್ಲಿ ಒಂದು ಗ್ಲಾಸ್, ಅಷ್ಟೇ.

ತಿಂಗಳ ಕೊನೇ ಭಾನುವಾರ ನಾನೂ ಹೋಗುತ್ತಿದ್ದೇನೆ. ಬರುವುದಾದರೆ ಕೋಬ್ಲೆಂಜ್ ಸ್ಟೇಷನ್ನಿನಲ್ಲಿ ಸಿಗಿ. ಪಂಪು ನಾನು ತರುತ್ತೇನೆ. ಟ್ಯೂಬು ಮಾತ್ರ ನೀವೇ ತನ್ನಿ, ನನ್ನದು 650ಬಿ ಅನ್ನೋ ಸ್ವಲ್ಪ ಸಣ್ಣ ಅಳತೆಯ ಚಕ್ರ, ನಿಮ್ಮ ಸೈಕಲ್‌ಗೆ ಆಗಲ್ಲ.